ಬುಟ್ಟಿಗೆ ಒಂದು ಕೈ

ದಿನ ಬಿಟ್ಟು ದಿನ ಮೀನು ಮಾರುವಾಕೆ ಮರವಂತೆಯಿಂದ ಬುಟ್ಟಿ ಹೊತ್ತು ಬಿಜೂರಿನ ನಮ್ಮ ಅಂಗಳಕ್ಕೆ ಬರುತ್ತಿದ್ದಳು. ಎತ್ತಿ ಕಟ್ಟಿದ ಸೀರೆ, ತಲೆಯ ಮೇಲೆ ಹಳೇ ಬಟ್ಟೆಯ ಸಿಂಬೆ. ನನ್ನ ಮಗನಿಗೆ ಸ್ಕಿಜೋಫ್ರೇನಿಯಾ ಎಂದು ಡಾಕ್ಟರು ಹೇಳಿದ ಮೇಲೆ ನೆಂಟರು ಬರುವುದು ಕಡಿಮೆಯಾಯಿತು. ಆಕೆ ಮಾತ್ರ ತಪ್ಪಿಸಲಿಲ್ಲ. ಇಪ್ಪತ್ತಾರು ವರ್ಷದ ಮಗ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನನಗೆ ಮೀನು ಕೊಟ್ಟಾದ ಮೇಲೆ ಆಕೆ ಅವನ ಕಿಟಕಿಯತ್ತ ತಿರುಗಿ ಕರೆಯುತ್ತಿದ್ದಳು: "ಮಗಾ, ಬುಟ್ಟಿಗೊಂದ್ ಕೈ ಹಾಕ್. ನಂಗ್ ಒಬ್ಳಿಗೇ ಆತಿಲ್ಲೆ."

ಆ ಕರೆಗೆ ಮಾತ್ರ ಅವನು ಹೊರಬಂದು ಬುಟ್ಟಿಯನ್ನು ಆಕೆಯ ತಲೆಗೆ ಎತ್ತಿಕೊಡುತ್ತಿದ್ದ. ಒಂದು ದಿನ ಬರಲೇ ಇಲ್ಲ. ಪಕ್ಕದ ಮನೆಯವರು ಬುಟ್ಟಿ ಎತ್ತಿಕೊಡಲು ಬಂದರು. "ನೀವ್ ಬೇಡ, ಅಂವ ಬರ್ಲಿ" ಎಂದು ಆಕೆ ಜಗಲಿಯ ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು. ಬಿಸಿಲಿಗೆ ಮೀನು ಹಾಳಾಗುತ್ತದೆಂದು ನಾನು ಚಡಪಡಿಸಿದೆ. ಆಗ ಹೇಳಿದಳು: "ನನ್ ಮಗನಿಗೂ ಇದೇ ಸೀಕ್, ಅಕ್ಕ. ಮದ್ದೂ ತಪ್ಸುಕಾಗ, ಕೆಲ್ಸವೂ ತಪ್ಸುಕಾಗ." ಅಲ್ಲಿಯವರೆಗೆ ಯಾರಿಗೂ ಹೇಳಲಾಗದೆ ಇದ್ದುದನ್ನೆಲ್ಲ ನಾನು ಆಕೆಯ ಪಕ್ಕ ಕುಳಿತು ಹೇಳಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಮಗ ಬಂದು, ಯಾರ ಮುಖವನ್ನೂ ನೋಡದೆ, ಬುಟ್ಟಿ ಎತ್ತಿ ಆಕೆಯ ತಲೆಯ ಮೇಲಿಟ್ಟ.

ಆಮೇಲೊಮ್ಮೆ ಬಸ್ ಸ್ಟಾಪಿನಲ್ಲಿ ಆಕೆಯನ್ನು ದೂರದಿಂದ ಕಂಡೆ. ಸುತ್ತ ಯಾರೂ ಇರಲಿಲ್ಲ. ಬಂಗುಡೆ ತುಂಬಿದ ಅದೇ ಬುಟ್ಟಿಯನ್ನು ಮೊಣಕಾಲಿಗೆ ಆನಿಸಿ, ಒಂದೇ ಸಲಕ್ಕೆ ತಲೆಗೇರಿಸಿಕೊಂಡು ನಡೆದುಬಿಟ್ಟಳು.

ಮುಂದಿನ ಸಲ ಆಕೆ ಅಂಗಳದಿಂದ ಕರೆದಾಗ ಮಗನ ಕೋಣೆಯ ಬಾಗಿಲು ತಟ್ಟಿದವಳು ನಾನೇ. "ಹೋಗ್ ಮಗಾ. ಪಾಪ, ಅವ್ಳಿಗ್ ಒಬ್ಳಿಗೇ ಆತಿಲ್ಲೆ ಅಂಬ್ರ್."