ಚಂಚಿಯೊಳಗಿನ ಫ್ಲಾಪಿ

ಬೈಲಹೊಂಗಲದ ಬಜಾರದಲ್ಲಿ ನಿಜಗುಣಪ್ಪ ಕಾಕಾ ಅವರನ್ನು ನಂಬದವರಿಲ್ಲ. ಕಾಕಾ ಮಾತ್ರ ಯಾರನ್ನೂ ನಂಬುವವರಲ್ಲ. ಸ್ಕೂಟರ್ ಯಾರಿಗಾದರೂ ಕೊಟ್ಟರೆ, ಅದು ಮರಳಿ ಬಂದ ಕೂಡಲೇ ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು ಇಣುಕುವರು. ಬಾಗಿಲಿಗೆ ಕೀಲಿ ಹಾಕಿ ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಕೀಲಿ ಜಗ್ಗಿ ನೋಡುವರು. ಚಹಾ ತಂದವನ ಎದುರಿಗೇ ಕಪ್ಪಿಗೆ ಮೂಗಿಟ್ಟು “ನಿನ್ನಿ ಹಾಲೇನೋ?” ಎನ್ನುವರು. ಇಂಥವರು ಕಂಪ್ಯೂಟರ್ ಕ್ಲಾಸ್ ತೆಗೆದರೆ ಆ ಕಂಪ್ಯೂಟರಿನ ಗತಿ ಏನಾಗಬೇಡ!

ಹತ್ತಿ ವ್ಯಾಪಾರವನ್ನು ಮಗನಿಗೆ ಬಿಟ್ಟು, ತೊಂಬತ್ತಾರರಲ್ಲಿ ಅಂಗಡಿಯ ಮೇಲಿನ ಕೋಣೆಗಳಲ್ಲಿ ಕಾಕಾ ಈ ಕ್ಲಾಸ್ ಶುರು ಮಾಡಿದರು. ಮುಂದಿನ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದವಳು ನಾನು, ಕಬ್ಬಿನ ಲಾರಿ ಓಡಿಸುವ ಯಾಕೂಬಸಾಬರ ಮಗಳು ಫಿರದೋಸ್. ಒಳಕೋಣೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು ಶೈಲಜಾ. ಎಂ.ಕೆ. ಹುಬ್ಬಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಮೊದಲು ಬರುವವಳು ಅವಳೇ ಆದ್ದರಿಂದ ಬಾಗಿಲಿನ ಒಂದು ಕೀಲಿಕೈ ಅವಳ ಹತ್ತಿರ ಇರುತ್ತಿತ್ತು. ಕಾಕಾನ ಹೊಟ್ಟೆಯಲ್ಲಿ ಅದೇ ಮುಳ್ಳು.

ಒಂದು ಮುಂಜಾನೆ ಕಾಕಾ ಮಾನಿಟರಿನ ಮೇಲೆ ಕೈಯಿಟ್ಟು ಹೌಹಾರಿದರು.

“ಬಿಸಿ ಐತಿ! ರಾತ್ರಿ ಯಾರೋ ಚಾಲೂ ಮಾಡ್ಯಾರ. ಸವದತ್ತಿ ಕ್ಲಾಸಿನವರು ನಮ್ಮ ಹುಡುಗರ ಹೆಸರು ಕದೀಲಿಕ್ಕೆ ಹತ್ಯಾರ.”

“ಕಾಕಾ, ಮೂಡಣ ಕಿಡಕಿ ಐತ್ರಿ. ಬಿಸಲು ಬಿದ್ದೈತಿ,” ಅಂದೆ.

“ನೀ ಸುಮ್ನಿರು. ನೀ ಅಕಿ ಗೆಳತಿ,” ಎಂದು ಶೈಲಜಾಳತ್ತ ಗದ್ದ ಎತ್ತಿದರು.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಶೈಲಜಾ ನಕ್ಕುಬಿಟ್ಟಳು. “ನಿಮ್ಮ ಹತ್ರ ಇರೋ ಫ್ಲಾಪಿ ಹಾಕದ ಹೊರತು ಕಂಪ್ಯೂಟರ್ ಏಳದಂಗ ಮಾಡಿಕೊಡ್ಲೇನ್ರಿ ಕಾಕಾ?” ಎಂದು ಕೇಳಿದಳು. ಕಾಕಾನ ಮುಖ ಅರಳಿತು.

ಯಂತ್ರದ ಜೊತೆ ನೇರ ಮಾತಾಡುವ ಅಸೆಂಬ್ಲಿ ಭಾಷೆಯ ಹುಚ್ಚು ಅವಳಿಗೆ ಮೊದಲಿನಿಂದಲೂ ಇತ್ತು. ಕಂಪ್ಯೂಟರ್ ಕಣ್ಣು ಬಿಟ್ಟಾಗ ಅದನ್ನು ನಡೆಸುವ ಡಾಸ್ ಇನ್ನೂ ಎದ್ದಿರುವುದಿಲ್ಲ. ಡಿಸ್ಕಿನ ಮೊದಲ ತುಣುಕೊಂದನ್ನೇ ಕಂಪ್ಯೂಟರ್ ಓದುತ್ತದೆ. ಆ ತುಣುಕಿನಲ್ಲಿ ಐನೂರಾ ಹನ್ನೆರಡು ಬೈಟಿಗಷ್ಟೇ ಜಾಗ. ಕೊನೆಯ ಎರಡು ಬೈಟುಗಳಲ್ಲಿ ಗೊತ್ತುಪಡಿಸಿದ ಗುರುತಿರದಿದ್ದರೆ ಅದನ್ನು ಮೂಸಿಯೂ ನೋಡುವುದಿಲ್ಲ. ಈ ಗುರುತು ಮರೆತು ಎರಡು ದಿನ ಒದ್ದಾಡಿದಳು. ಮೂರನೆಯ ದಿನ ಕಪ್ಪು ಪರದೆಯ ಮೇಲೆ ಒಂದೇ ಒಂದು ಅಕ್ಷರ ಮೂಡಿತು. “ಬಂತs ಬಂತು!” ಎಂದು ನನ್ನ ಕೈ ಹಿಡಿದು ಕುಣಿದಳು. ಆಮೇಲೆ ಹಾರ್ಡ್ ಡಿಸ್ಕಿನ ಮೊದಲ ತುಣುಕಿನಲ್ಲಿ ‘ಕಾಕಾನ ಫ್ಲಾಪಿ ಹಾಕಿರಿ’ ಎಂಬ ಸಾಲು ಮಾತ್ರ ತೋರುವಂತೆ ಮಾಡಿ, ಡಾಸನ್ನು ಎಬ್ಬಿಸುವ ಕೆಲಸವನ್ನು ಫ್ಲಾಪಿಗೆ ಒಪ್ಪಿಸಿದಳು.

“ಇದು ಕೀಲಿ ಅಲ್ರಿ ಕಾಕಾ, ಬರೇ ಕದಾ ಮುಂದ ಮಾಡಿದಂಗ. ಬ್ಯಾರೆ ಡಾಸ್ ಫ್ಲಾಪಿ ಹಾಕಿದ್ರೂ ಏಳತೈತ್ರಿ,” ಎಂದು ಅವತ್ತೇ ಹೇಳಿದಳು. ನಾನೇ ಕೇಳಿದ್ದೇನೆ. ಕಾಕಾನ ಕಿವಿ ಎಲ್ಲಿತ್ತೋ! ಕಿಸೆಯಿಂದ ಯಲ್ಲಮ್ಮನ ಭಂಡಾರದ ಪೊಟ್ಟಣ ತೆಗೆದು ಹಿಡಿದರು.

“ಇಂಥಾದು ಎರಡನೇದು ಇಲ್ಲಂತ ಮುಟ್ಟಿ ಹೇಳು.”

ಶೈಲಜಾ ಅರಿಶಿನ ಮುಟ್ಟಿ ಹೇಳಿದಳು. ಕಾಕಾ ಫ್ಲಾಪಿಯನ್ನು ಯಾರ ಕೈಗೂ ಸಿಗದ ಜಾಗದಲ್ಲಿಟ್ಟರು. ಅಂದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಯಡಿಕೆ ಚಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲಿ.

ಪರೀಕ್ಷೆಯ ದಿನ ಬಂತು. ಹುಡುಗರು ಮಾಡಿದ ಕೆಲಸವೆಲ್ಲ ಆ ಕಂಪ್ಯೂಟರಿನಲ್ಲೇ ಇತ್ತು, ಪರೀಕ್ಷಕರು ಬೆಳಗಾವಿಯಿಂದ ಬಂದು ಕೂತಿದ್ದರು. ಕಾಕಾ ಚಂಚಿ ಬಿಚ್ಚಿ ಫ್ಲಾಪಿ ಹಾಕಿದರು. ಡ್ರೈವ್ ಕರಕರ ಎಂದು ಸುಮ್ಮನಾಯಿತು. ಮತ್ತೆ ಹಾಕಿದರು, ಮತ್ತೆ ಕರಕರ. ಮಕ್ಕಳು ಅಳುಮೋರೆ ಮಾಡಿದವು.

ಶೈಲಜಾ ನನ್ನ ಮುಖ ನೋಡಿದಳು. ಅವಳ ಸಂಕಟ ನನಗೆ ತಿಳಿಯಿತು. ಬೇರೆ ಫ್ಲಾಪಿಯಿಂದ ಎಬ್ಬಿಸಿದರೆ ಕಳ್ಳಿ ಅನ್ನಿಸಿಕೊಳ್ಳಬೇಕು, ಬಿಟ್ಟರೆ ಮಕ್ಕಳ ವರ್ಷ ಹಾಳು. ಕಪಾಟಿನಿಂದ, ಕಂಪ್ಯೂಟರಿನ ಜೊತೆಗೇ ಬಂದಿದ್ದ ಡಾಸ್ ಫ್ಲಾಪಿ ತೆಗೆದು ಹಾಕಿದಳು. ಕಂಪ್ಯೂಟರ್ ಎದ್ದಿತು. ಪರೀಕ್ಷೆಯೂ ನಡೆಯಿತು.

ಪರೀಕ್ಷಕರು ಹೋದ ಮೇಲೆ ಕಾಕಾ ಹುಡುಗರ ಎದುರಿಗೇ ಶುರು ಮಾಡಿದರು.

“ಆಣಿ ಮಾಡಿ ಎರಡನೇದು ಇಟ್ಕೊಂಡಿದ್ಯಲ್ಲ, ಶೈಲಾ?”

ಅವಳು ಅವರ ಫ್ಲಾಪಿಯ ತಗಡಿನ ಮುಚ್ಚಳ ಸರಿಸಿ ಮೇಜಿನ ಮೇಲೆ ಕುಟ್ಟಿದಳು. ಸುಣ್ಣದ ಹಕ್ಕಳೆ ಉದುರಿತು, ಹಿಂದೆಯೇ ತಂಬಾಕಿನ ಚೂರು. ನಾನು ನಕ್ಕುಬಿಟ್ಟೆ. ಕಾಕಾ ನಗಲಿಲ್ಲ. ಸುಣ್ಣವನ್ನು ಬೆರಳಿನಿಂದ ಒತ್ತಿ ನೋಡಿದರು.

“ಇದನ್ನ ಒಳಗ ಯಾರು ಹಾಕಿದ್ರು?”

ಯಾ ಅಲ್ಲಾ! ಸ್ವಂತ ಸೊಂಟದ ಚಂಚಿಯ ಮೇಲೂ ಸಂಶಯ! ಮತ್ತೆ ಭಂಡಾರದ ಪೊಟ್ಟಣ ಹೊರಬಂತು. “ಇನ್ನೊಮ್ಮೆ ಮುಟ್ಟು,” ಅಂದರು.

“ಇಲ್ರಿ ಕಾಕಾ. ಒಮ್ಮೆ ಮುಟ್ಟೇನಿ. ಇನ್ನೊಮ್ಮೆ ಮುಟ್ಟಿದ್ರ ಮೊದಲನೇದು ಸುಳ್ಳು ಅಂತ ನಾನೇ ಒಪ್ಪಿದಂಗ ಆಗತೈತಿ.” ಬಾಗಿಲಿನ ಕೀಲಿಕೈಯನ್ನು ಮೇಜಿನ ಮೇಲಿಟ್ಟು, ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟಳು.

ವಾರ ಕಳೆಯುವುದರೊಳಗೆ ಕಾಕಾ ಮೆತ್ತಗಾದರು. ಅವಳಂಥ ಟೀಚರ್ ಎಲ್ಲಿ ಸಿಗಬೇಕು? “ಹೋಗಿ ಕರಕೊಂಡು ಬಾ, ಯವ್ವಾ,” ಎಂದು ನನ್ನನ್ನೇ ಕಳಿಸಿದರು. ಎಂ.ಕೆ. ಹುಬ್ಬಳ್ಳಿಯ ಮನೆಯಲ್ಲಿ ಶೈಲಜಾ ಚಹಾ ಕೊಟ್ಟಳು, ಅತ್ತಳು, ಆಮೇಲೆ ಒಂದೇ ಮಾತು ಹೇಳಿದಳು. “ನನ್ನ ಮ್ಯಾಲ ಸಂಶಯ ಇಲ್ಲಂತ ಕಾಕಾ ಭಂಡಾರ ಮುಟ್ಟಿ ಹೇಳ್ಲಿ. ನಾಳೆನs ಬರತೇನಿ.”

ಬಂದು ಹಾಗೇ ಹೇಳಿದೆ. ಕಾಕಾ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು. ಅರಿಶಿನದ ಮೇಲೆ ಕೈ ಹಿಡಿದರು. ಮುಟ್ಟಿಬಿಡ್ರಿ ಕಾಕಾ, ಮುಟ್ಟಿಬಿಡ್ರಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಕೈ ಹಿಂದಕ್ಕೆ ತೆಗೆದುಕೊಂಡರು.

“ಸುಳ್ಳ ಆಣಿ ಮಾಡಬಾರದು, ಫಿರದೋಸ್,” ಅಂದರು.