ಅಕ್ಕನಿಗೆ ಹೇಳಿದ ಚಿತ್ರ

ಬೀದಿಯವರು ಅವಳಿಗೆ ‘ಬಾಯಿಸಿನಿಮಾ’ ಎಂದು ಹೆಸರಿಟ್ಟಿದ್ದರು. ಹೆಸರಿನಲ್ಲಿ ಚೇಷ್ಟೆ ಇದ್ದರೂ ಸುಳ್ಳಿರಲಿಲ್ಲ. ವಾರವೆಲ್ಲ ಇಸ್ತ್ರಿ ಅಂಗಡಿಯ ಕಾವಿನಲ್ಲಿ ತುಟಿ ಬಿಗಿದು ನಿಲ್ಲುವವಳು, ಭಾನುವಾರ ಮಧ್ಯಾಹ್ನ ವಾಚನಾಲಯದ ಹಿಂದಿನ ಕೋಣೆಯಲ್ಲಿ ದೀಪ ಆರಿದೊಡನೆ ಅಕ್ಕನ ಕಿವಿಗೆ ಬಾಯಿ ಹಚ್ಚುತ್ತಿದ್ದಳು. ಅಕ್ಕನಿಗೆ ಎಳವೆಯಲ್ಲೇ ಕಣ್ಣು ಹೋಗಿತ್ತು. ಬೀದಿಯ ಜನರೆಲ್ಲ ಸೇರಿ ಆ ಕೋಣೆಯಲ್ಲಿ ನೋಡುತ್ತಿದ್ದುದು ಹಳೆಯ ಮೂಕಿಚಿತ್ರಗಳನ್ನು. ಯಂತ್ರದ ಗರಗರ ಬಿಟ್ಟರೆ ಬೇರೆ ಸದ್ದಿಲ್ಲ. ಪರದೆಯ ಮೇಲೆ ಯಾರು ನಕ್ಕರು, ಯಾರು ಮುಖ ತಿರುಗಿಸಿದರು, ನಡುನಡುವೆ ಮೂಡುವ ಅಕ್ಷರಗಳು ಏನು ಹೇಳಿದವು, ಎಲ್ಲವೂ ಅಕ್ಕನಿಗೆ ತಂಗಿಯ ಬಾಯಿಂದಲೇ ಬರಬೇಕು.

ಹೇಳುವುದರಲ್ಲಿ ಅವಳದೇ ಒಂದು ವರಸೆ. “ಅವನು ಬಂದ” ಎನ್ನುತ್ತಿರಲಿಲ್ಲ. “ಮೊದ್ಲು ಟೋಪಿ ಬಂತು, ಆಮೇಲೆ ಅವನು ಬಂದ” ಎನ್ನುತ್ತಿದ್ದಳು. ಓದು ಬಾರದ ಮೂಲೆಮನೆ ಅಜ್ಜಿ ಹಿಂದಿನ ಸಾಲಿನಿಂದ ಕತ್ತು ಚಾಚುತ್ತಿದ್ದಳು.

“ಸ್ವಲ್ಪ ಗಟ್ಟಿಯಾಗಿ ಹೇಳೇ! ನಿಮ್ಮಕ್ಕ ಒಬ್ಳೇ ನೋಡಿದ್ರೆ ಸಾಕಾ? ನಾನು ಕಣ್ಣಿದ್ದೂ ಕೆಟ್ಟೆ.”

“ಪರದೆ ಬಿಟ್ಟಿ ಅಜ್ಜೀ, ನನ್ನ ತಂಗಿ ಬಾಯಿಗೆ ಮಾತ್ರ ಟಿಕೆಟ್ ಇದೆ,” ಎಂದು ಅಕ್ಕ ತಿರುಗಿ ಹೇಳಿದರೆ ಸಾಲಿಗೆ ಸಾಲೇ ನಗುತ್ತಿತ್ತು.

ತಂದೆತಾಯಿ ಇಲ್ಲದ ಆ ಒಂದು ಕೋಣೆಯ ಮನೆಯಲ್ಲಿ ಅಕ್ಕನೇ ಆಸರೆ. ಅವಳು ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದಳು. ಚೌಕಟ್ಟುಗಳನ್ನು ತರುತ್ತಿದ್ದವನು ಮಾತು ಕಡಿಮೆಯ ಒಬ್ಬ ಬಡಗಿ. ಬೇರೆಯವರಿಗೆ ಒಮ್ಮೆ ಉಜ್ಜುವ ಮರವನ್ನು ಅಕ್ಕನ ಕೈಗೆ ಬರುವುದಾದರೆ ಮತ್ತೆ ಮತ್ತೆ ಉಜ್ಜುತ್ತಿದ್ದ, ಸಿಬಿರು ತಾಗಬಾರದೆಂದು. ತಂಗಿಯ ಕಣ್ಣಿಗೆ ಇದು ಬೀಳುವ ಮುಂಚೆಯೇ ಅಕ್ಕನ ಬೆರಳಿಗೆ ತಿಳಿದಿತ್ತು. ಒಂದು ಶನಿವಾರ ಅವನು ಚೌಕಟ್ಟು ಇಳಿಸಿ, ಹೊಸ್ತಿಲಲ್ಲೇ ನಿಂತು, ಮದುವೆಯ ಮಾತೆತ್ತಿದ. ಸೋಮವಾರ ಹೇಳುತ್ತೇನೆಂದಳು ಅಕ್ಕ. ಆ ಸಂಜೆ ಅವಳ ಹೆಣಿಗೆಯಲ್ಲಿ ಹಾಡೊಂದು ಸೇರಿಕೊಂಡಿತು. ತಂಗಿಗೆ ಊಟ ಸೇರಲಿಲ್ಲ. ಅಕ್ಕನ ಕಣ್ಣು ನಾನು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು, ಆ ಕಣ್ಣು ಇನ್ನು ಬೇಡವಾದರೆ ತಾನು ಯಾರು ಎಂದು ಗೋಡೆ ನೋಡುತ್ತ ಕುಳಿತಳು.

ಮರುದಿನದ ಚಿತ್ರವೂ ವಿಧಿ ಹುಡುಕಿ ತಂದಂತಿತ್ತು. ಕಡಲದಂಡೆಯ ಊರು. ಕಣ್ಣು ಕಳೆದುಕೊಂಡ ಹುಡುಗಿ. ಅವಳನ್ನು ಮೆಚ್ಚಿ ಮದುವೆಯಾದ ದೋಣಿ ಕಟ್ಟುವವ. ಅಕ್ಕ ತಂಗಿಯ ಮಣಿಕಟ್ಟು ಹಿಡಿದು ಬಿಗಿ ಮಾಡಿದಳು.

“ಮುಂದೆ? ಮುಂದೇನಾಯ್ತು ಹೇಳೇ.”

ಅಕ್ಕ ಕೇಳುತ್ತಿರುವುದು ಚಿತ್ರದ ಮಾತನ್ನಲ್ಲ ಎಂದು ತಂಗಿಗೆ ತಿಳಿಯಿತು. ಪರದೆಯ ಮೇಲೆ ದೋಣಿಯವನು ಮನೆಯ ಬಾಗಿಲಿನಿಂದ ನೀರಿನವರೆಗೆ ಗೂಟ ನೆಟ್ಟು ಹಗ್ಗ ಕಟ್ಟುತ್ತಿದ್ದ. ಹೆಂಡತಿ ಆ ಹಗ್ಗ ಹಿಡಿದು ಒಬ್ಬಳೇ ಕಡಲಿಗೆ ನಡೆದಳು, ಅಲೆಗೆ ಕಾಲು ಕೊಟ್ಟು ನಕ್ಕಳು. ಅಲ್ಲಿಗೆ ಚಿತ್ರ ಮುಗಿಯಿತು.

“ಅವನಿಗೆ ಸಾಕಾಯ್ತು ಅಕ್ಕಾ,” ಎಂದಳು ತಂಗಿ. ಇಸ್ತ್ರಿ ಹಾಕಿದ ಬಟ್ಟೆಯಂತೆ ಅವಳ ದನಿಯಲ್ಲಿ ಒಂದೂ ಸುಕ್ಕಿರಲಿಲ್ಲ. “ಹಡಗು ಹತ್ತಿ ಹೊರಟುಬಿಟ್ಟ. ಇವಳು ದಂಡೇಲಿ ನಿಂತು ಕೈ ಬೀಸ್ತಿದ್ದಾಳೆ. ಹಡಗು ಹೋದ ಕಡೆಗೇ ಬೆನ್ನು ಹಾಕಿ ನಿಂತಿದ್ದಾಳೆ, ಪಾಪ, ಅವಳಿಗೆ ಗೊತ್ತಾಗ್ತಿಲ್ಲ.”

ಸುತ್ತ ಜನ ಮೂಗು ಸೀಟುತ್ತಿದ್ದರು. ದುಃಖಕ್ಕೂ ಸುಖಕ್ಕೂ ಆ ಸದ್ದು ಒಂದೇ. ಹಿಂದಿನ ಸಾಲಿನ ಅಜ್ಜಿ ಆ ವಾರ ಜ್ವರ ಬಂದು ಮನೆಯಲ್ಲಿದ್ದಳು.

ಸೋಮವಾರ ಅಕ್ಕ ಬಡಗಿಗೆ ಹೇಳಿದ ಮಾತನ್ನು ತಂಗಿ ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಳು. “ನಿಮ್ಮ ಮನಸ್ಸು ದೊಡ್ಡದು. ಆದ್ರೆ ಕನಿಕರ ಎಷ್ಟು ದಿನ ಬಾಳುತ್ತೆ, ನೀವೇ ಹೇಳಿ.” ಅವನು ವಾದಿಸುವವನಲ್ಲ. ತನ್ನ ಉಪಕರಣಗಳನ್ನು ಕಟ್ಟಿಕೊಂಡು ಬೇರೆ ಊರು ಸೇರಿದ. ಆಮೇಲೆ ಚೌಕಟ್ಟುಗಳನ್ನು ಯಾರೋ ಮಾಡಿ, ಯಾರೋ ತಂದು ಇಳಿಸಿದರು. ಅಕ್ಕನ ಬೆರಳುಗಳಿಗೆ ಸಿಬಿರು ಚುಚ್ಚತೊಡಗಿತು. ಸೂಜಿ ಹಿಡಿದು ಅದನ್ನು ತೆಗೆಯುವ ಕೆಲಸ ತಂಗಿಯ ಪಾಲಿಗೆ ಬಂತು. ಒಂದೊಂದು ಸಿಬಿರು ತೆಗೆಯುವಾಗಲೂ ನಿಜ ನಾಲಗೆಯ ತುದಿಗೆ ಬರುತ್ತಿತ್ತು, ಸಿಬಿರು ಹೊರಬೀಳುತ್ತಿತ್ತು, ನಿಜ ಒಳಗೇ ಉಳಿಯುತ್ತಿತ್ತು. ಇಬ್ಬರ ಕೂದಲೂ ಹಾಗೆಯೇ ಬೆಳ್ಳಗಾಯಿತು.

ಬಹುಕಾಲ ಮುಚ್ಚಿದ್ದ ವಾಚನಾಲಯದ ಕೋಣೆ ಮತ್ತೆ ತೆರೆಯಿತು. ಹೊಸದಾಗಿ ಬಂದ ಗ್ರಂಥಪಾಲನಿಗೆ ಹಳೆಯ ಚಿತ್ರಗಳ ಹುಚ್ಚು. ಯಂತ್ರವನ್ನು ಅವನೇ ರಿಪೇರಿ ಮಾಡಿಸಿದ. ಹಲಗೆಯ ಮೇಲೆ ಆ ಕಡಲದಂಡೆಯ ಚಿತ್ರದ ಹೆಸರು ಕಂಡ ದಿನ ತಂಗಿಯ ಕೈಯಲ್ಲಿ ಗಿರಾಕಿಯ ಅಂಗಿಯೊಂದು ಸುಟ್ಟುಹೋಯಿತು.

“ಈ ವಾರ ಬೇಡ ಅಕ್ಕಾ. ನೋಡಿದ್ದನ್ನೇ ಏನು ನೋಡೋದು?”

“ಅನ್ನ ದಿನಾ ಉಣ್ಣಲ್ವಾ? ಬಾರೇ ಸುಮ್ನೆ. ಆ ಹುಡುಗಿ ನನಗೆ ಬುದ್ಧಿ ಹೇಳಿದೋಳು. ಒಂದು ಸಲ ಮಾತಾಡಿಸ್ಕೊಂಡು ಬರೋಣ.”

ಆ ಮಾತು ಕೇಳಿದ ಮೇಲೆ ತಂಗಿ ನಿಶ್ಚಯಿಸಿದಳು. ಈ ಸಲ ಇದ್ದುದನ್ನು ಇದ್ದಂತೆ ಹೇಳುವುದು. ಅಕ್ಕ ಛೀ ಎಂದರೂ ಸರಿ, ಇನ್ನೆಂದೂ ತನ್ನ ಕೈ ಹಿಡಿಯದಿದ್ದರೂ ಸರಿ.

ದೀಪ ಆರಿತು. ಟೋಪಿ ಬಂತು, ದೋಣಿ ಬಂತು, ಮದುವೆ ಆಯಿತು. ಅಕ್ಕನ ಕೈ ಮಣಿಕಟ್ಟಿಗೆ ಬಂತು. ಆ ಬೆರಳುಗಳ ತುಂಬ ಹಳೆಯ ಗಂಟುಗಳು.

“ಅವನು… ಗೂಟ ನೆಡ್ತಿದ್ದಾನೆ ಅಕ್ಕಾ. ಬಾಗಿಲಿಂದ ನೀರಿನ ತನಕ ಹಗ್ಗ ಕಟ್ತಾನೆ. ಅವಳು ಹಿಡ್ಕೊಂಡು… ಒಬ್ಳೇ ಹೋಗ್ತಾಳೆ. ನಗ್ತಿದ್ದಾಳೆ.” ದನಿ ನಡುಗಿ, ಮಾತು ತುಂಡು ತುಂಡಾಗಿ ಬಿತ್ತು.

ಅಕ್ಕ ಅವಳ ಮಣಿಕಟ್ಟನ್ನು ಮೆಲ್ಲಗೆ ತಟ್ಟಿದಳು.

“ಬೇಡ ಕಣೇ. ನನ್ನ ಸಮಾಧಾನಕ್ಕೆ ಚಿತ್ರ ಬದಲಾಯಿಸ್ಬೇಡ.”

“ಅಕ್ಕಾ, ಇರೋದೇ ಹೀಗೆ. ಆವತ್ತು ನಾನು ಹೇಳಿದ್ದೇ ಸುಳ್ಳು.”

“ನಿನಗೆ ಸುಳ್ಳು ಹೇಳೋಕೆ ಬರುತ್ತೇನೇ? ಈಗ ಹೇಳ್ದೆ ನೋಡು, ದನಿ ಹೇಗೆ ನಡುಗ್ತು! ಆವತ್ತು ನೀಟಾಗಿ ಹೇಳಿದ್ದೆ. ನನಗೆ ನೆನಪಿದೆ.”

ದೀಪ ಹತ್ತಿತು. ಜನ ಮೂಗು ಸೀಟುತ್ತ ಎದ್ದು ಹೋದರು. ಬಾಗಿಲ ಬಳಿ ಗ್ರಂಥಪಾಲ ವಿಚಾರಿಸಿದ, “ಚಿತ್ರ ಹೇಗಿತ್ತು ದೊಡ್ಡಮ್ಮಾ?”

“ಚಿತ್ರ ಚೆನ್ನಾಗಿತ್ತಪ್ಪ. ನನ್ನ ತಂಗಿಗೆ ವಯಸ್ಸಾಯ್ತು, ಯಾವುದೋ ಬೇರೆ ಚಿತ್ರದ ಕೊನೆ ತಂದು ಇದಕ್ಕೆ ಅಂಟಿಸಿದ್ಳು.”

ತಂಗಿ ಅವನ ಮುಖವನ್ನೇ ನೋಡಿದಳು. ಅವನು ಒಂದು ಮಾತು ಹೇಳಿದರೆ ಸಾಕಿತ್ತು.

“ನನ್ನನ್ನ ಕೇಳ್ಬೇಡಿ ದೊಡ್ಡಮ್ಮಾ,” ಅವನು ನಕ್ಕ. “ಈ ಚಿತ್ರ ನಾನೂ ಇದೇ ಮೊದಲ ಸಲ ಹಾಕಿದ್ದು, ಕೊನೇ ರೀಲಿಗೆ ಯಂತ್ರ ಕಾದು ಹೋಗಿತ್ತು. ನಾನೆಲ್ಲಿ ಪರದೆ ನೋಡ್ದೆ!” ಹೀಗೆಂದು ಕುರ್ಚಿ ಜೋಡಿಸಲು ಒಳಗೆ ಹೋದ.

ಹೊರಗೆ ಬಿಸಿಲಿತ್ತು. ಅಕ್ಕ ತಂಗಿಯ ಮೊಣಕೈ ಹಿಡಿದಳು. ತಂಗಿಯ ಬಾಯಿ ಇನ್ನೊಮ್ಮೆ ತೆರೆಯಿತು. ಆದರೆ ಅಷ್ಟರಲ್ಲಿ ಅಕ್ಕನೇ ಕೇಳಿದಳು.

“ಮುಂದೆ ಮೆಟ್ಟಿಲಿದೆಯಾ?”

“ಇದೆ ಅಕ್ಕಾ.”

ಅಕ್ಕ ಕೋಲಿನಿಂದ ತಡವಿ ನೋಡಲಿಲ್ಲ. ಅವಳ ಮಾತಿನ ಮೇಲೆ ಕಾಲಿಟ್ಟು ಇಳಿದಳು.