ಸೈಕಲ್ ಕಲಿತ ಹಾಲಮ್ಮ ಸಿಸ್ಟರ್

ಹಾಲಮ್ಮ ಸಿಸ್ಟರ್ ಯಾರ ಮನೆಗೆ ಹೋದರೂ ಮೊದಲು ಕೂರಲು ಜಾಗ ಕೇಳುತ್ತಿದ್ದರು. ಸರ್ಕಾರಿ ಆಸ್ಪತ್ರೆಯ ನಾವೆಲ್ಲ ಹೊಸ್ತಿಲಾಚೆ ನಿಂತೇ ಗುಳಿಗೆ ಕೊಟ್ಟು, ರಿಜಿಸ್ಟರಿನಲ್ಲಿ ಗೀಚಿ, ಮುಂದಿನ ಮನೆಗೆ ನಡೆಯುವವರು. ಆಕೆ ಮಾತ್ರ, "ಒಂದು ಚಾಪೆ ಹಾಕ್ರಿ, ಕಾಲು ನೋಯ್ತೈತೆ" ಎನ್ನುತ್ತಿದ್ದರು. ಕಾಲು ನೋಯುತ್ತಿರಲಿಲ್ಲ. ಕೆರೆಬಿಳಚಿ ಎಂಬ ಹಳ್ಳಿಯಲ್ಲಿ ಹುಟ್ಟಿ ಬೆಳೆದು, ದಿನಕ್ಕೆ ಹತ್ತು ಮೈಲಿ ನಡೆಯುವ ಕಾಲು ಅದು. ನಿಂತವರ ಮುಂದೆ ಯಾರೂ ನಿಜ ಹೇಳುವುದಿಲ್ಲ ಎಂದು ಆಕೆ ನಂಬಿದ್ದರು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಹೊನ್ನಾಳಿ ಆಸ್ಪತ್ರೆಗೆ ಹೊಸ ಡಾಕ್ಟರಾಗಿ ಬಂದಾಗ ಆಕೆಗೆ ಐವತ್ತರ ಹತ್ತಿರ. ಗಿಡ್ಡ ದೇಹ, ದೊಡ್ಡ ಛತ್ರಿ, ಬಾಯಲ್ಲಿ ಸದಾ ಒಂದು ಲವಂಗ. ನನಗಿಂತ ಇಪ್ಪತ್ತು ವರ್ಷ ಹಿರಿಯರಾದರೂ 'ಸರ್' ಎಂದೇ ಕರೆಯುತ್ತಿದ್ದರು. ನಾನು ತಪ್ಪು ಮಾಡಿದ ದಿನ ಆ 'ಸರ್' ಸ್ವಲ್ಪ ಉದ್ದವಾಗುತ್ತಿತ್ತು.

ನಾನು ಬಂದ ಸ್ವಲ್ಪ ದಿನಕ್ಕೇ ಮಿಲಿಟರಿ ಆಸ್ಪತ್ರೆಯಿಂದ ಒಂದು ಮುಚ್ಚಿದ ಲಕೋಟೆ ಬಂತು. ನ್ಯಾಮತಿ ಹತ್ತಿರದ ಹಳ್ಳಿಯ ಹವಾಲ್ದಾರ್ ಬಸವರಾಜಪ್ಪ ಹದಿನೇಳು ವರ್ಷ ಸೈನ್ಯದಲ್ಲಿದ್ದು, ಕಾಯಿಲೆಯ ಕಾರಣಕ್ಕೆ ಆರು ತಿಂಗಳ ಹಿಂದೆ ಊರಿಗೆ ಮರಳಿದ್ದರು. ಅವರ ರಕ್ತದಲ್ಲಿ ಏಡ್ಸ್ ರೋಗದ ವೈರಸ್ ಇದೆ ಎಂದು ಅದರಲ್ಲಿ ಬರೆದಿತ್ತು. ಪೇಪರಿನಲ್ಲಿ ಮಾತ್ರ ಓದಿದ್ದ ರೋಗ. ಆ ಕಾಗದವನ್ನು ನಾನು ಬೆರಳ ತುದಿಯಲ್ಲಿ ಹಿಡಿದಿದ್ದೆ. ಹಾಲಮ್ಮ ಅದನ್ನು ಕಂಡರು.

ಇಬ್ಬರೂ ಅವರ ಮನೆಗೆ ಹೋದೆವು. ನಾನು ಬಾಗಿಲಲ್ಲೇ ನಿಂತು, "ಹೇಗಿದ್ದೀರಿ?" ಎಂದೆ.

"ಚಲೋ ಇದೀನಿ ಸಾಹೇಬ್ರೆ," ಎಂದರು ಬಸವರಾಜಪ್ಪ, ಬೆನ್ನು ನೆಟ್ಟಗೆ ಮಾಡಿಕೊಂಡು.

ನನ್ನ ಕೆಲಸ ಮುಗಿದಿತ್ತು. ಹಾಲಮ್ಮ ಚಾಪೆ ಕೇಳಿ ಕೂತರು. ಅವರ ಹೆಂಡತಿ ಕೊಟ್ಟ ಚಹಾ ಕುಡಿದರು. ನೀರು ಬೇಕೆಂದು, ಬಸವರಾಜಪ್ಪನ ಪಕ್ಕದಲ್ಲೇ ಇದ್ದ ಚೊಂಬನ್ನು ಎತ್ತಿ ಕುಡಿದರು. ಆಮೇಲೆ ಅವರ ಮಣಿಕಟ್ಟು ನೋಡಿದರು. ಬಿಸಿಲಿಗೆ ಕಪ್ಪಾದ ಕೈಯಲ್ಲಿ ಒಂದು ಬಿಳಿ ಪಟ್ಟಿ.

"ವಾಚು ಎಲ್ಲೈತೆ?"

"ತಮ್ಮನಿಗೆ ಕೊಟ್ಟೆ."

"ಗೋಡೆ ಮೇಲಿನ ಆ ಖಾಲಿ ಮೊಳೇಲಿ ಏನಿತ್ತು?"

"ಮಿಲಿಟರಿ ಕೋಟು. ಅದೂ ಕೊಟ್ಟೆ. ನಂಗ್ಯಾಕೆ?"

"ರಾತ್ರಿ ನಿದ್ದೆ ಹೆಂಗೆ?"

"ಬರಂಗಿಲ್ಲ."

ಆಕೆ, ಉಪ್ಪು ಎಷ್ಟು ಹಾಕ್ತೀರಿ ಎಂದು ಕೇಳುವ ದನಿಯಲ್ಲೇ ಕೇಳಿದರು: "ಸಾಯಬೇಕು ಅನ್ನಿಸ್ತೈತೇನ್ರಿ?"

ಹಾಗೆ ಕೇಳಬಾರದು, ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ನಾನು ತಿಳಿದಿದ್ದೆ. ಬಸವರಾಜಪ್ಪ ಎದ್ದು ಒಳಗೆ ಹೋಗಿ, ಒಂದು ವಿಷದ ಬಾಟಲಿ ತಂದು ಆಕೆಯ ಕೈಗಿಟ್ಟು, ಅಲ್ಲೇ ಕುಸಿದು ಅತ್ತರು. ಹೆಂಡತಿ ಗೋಡೆಗೆ ಒರಗಿ ನಿಂತುಬಿಟ್ಟಳು. ಹಾಲಮ್ಮ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, "ಇದು ನನ್ಹತ್ರ ಇರ್ಲಿ. ನಾ ಶುಕ್ರವಾರ ಬರ್ತೀನಿ, ನೀವು ಇರಬೇಕು. ಮಾತು ಕೊಡ್ರಿ," ಎಂದರು. ಹೆಂಡತಿಗೆ, "ಅಲ್ಲೀತನಕ ಒಬ್ಬರನ್ನೇ ಬಿಡಬ್ಯಾಡಮ್ಮ. ಜೊತೇಲಿ ಕೂತು ಉಂಡ್ರೆ ಈ ಕಾಯಿಲೆ ಬರಲ್ಲ," ಎಂದರು.

ಬಸ್ಸಿಗೆ ಕಾಯುವಾಗ ನಾನು ಹೇಳಿದೆ: "ಸಿಸ್ಟರ್, ಈ ರೋಗಕ್ಕೆ ಔಷಧವೇ ಇಲ್ಲ. ಅಂಥವರಿಗೆ ದುಃಖ ಸಹಜ. ಅದಕ್ಕೇನು ಚಿಕಿತ್ಸೆ ಕೊಡೋದು?"

"ಸಾರ್," ಎಂದರು ಆಕೆ, ಉದ್ದವಾಗಿ. "ಸಾಯೋ ಕಾಯಿಲೆ ಇರೋನು ಕಾಲು ಮುರ್ಕೊಂಡು ಬಂದ್ರೆ ಕಟ್ಟಾಕಲ್ವೇನ್ರಿ? ಆ ಕಾಯಿಲೆಗೆ ಔಷಧ ಇಲ್ಲ. ಈ ಮನಸ್ಸಿಂದಕ್ಕೆ ಐತಲ್ಲ."

ಔಷಧ ಇತ್ತು, ನಿಜ. ಶಿವಮೊಗ್ಗದ ಮನೋವೈದ್ಯರಿಗೆ ಪತ್ರ ಬರೆದು, ಆಕೆಯೇ ಜೊತೆಗೆ ಹೋಗಿ ತೋರಿಸಿಕೊಂಡು ಬಂದರು. ಗುಳಿಗೆಗಳು ಹಿಡಿಯಲು ಮೂರು ವಾರ ಬೇಕು. ಆ ಮೂರು ವಾರ ದಾಟಿಸುವುದೇ ಕಷ್ಟ. ಅದಕ್ಕೆ ಆಕೆ ಕಂಡುಕೊಂಡ ಉಪಾಯ ನನಗೆ ಗೊತ್ತಾದದ್ದು, ಒಂದು ಸಂಜೆ ಜೀಪಿನಲ್ಲಿ ಆ ಹಳ್ಳಿ ದಾಟುವಾಗ.

ಶಾಲೆಯ ಬಯಲಿನಲ್ಲಿ ಜನ ಸೇರಿದ್ದರು. ನಡುವೆ ಹಾಲಮ್ಮ ಸಿಸ್ಟರ್, ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೈಕಲ್ ಮೇಲೆ. ಹಿಂದೆ ಸೀಟು ಹಿಡಿದು ಓಡುತ್ತಿದ್ದವರು ಬಸವರಾಜಪ್ಪ. ಪಲ್ಟನ್ನಿನಲ್ಲಿ ಹೊಸಬರಿಗೆ ಕವಾಯತು ಕಲಿಸುತ್ತಿದ್ದವರು ಈಗ ಅದೇ ದನಿಯಲ್ಲಿ ಗದರುತ್ತಿದ್ದರು. "ಚಕ್ರ ನೋಡಬ್ಯಾಡ್ರಿ ಸಿಸ್ಟರ್, ದಾರಿ ನೋಡ್ರಿ. ಆರಾಮ್ ಸೆ, ನಿಧಾನ." ಆಕೆ ಬಿದ್ದರು. ಮೊಣಕೈ ತರಚಿತು. ಕೆಟ್ಟ ರೋಗದವನೆಂದು ಆರು ತಿಂಗಳಿಂದ ಊರು ದೂರವಿಟ್ಟಿದ್ದ ಆ ಮನುಷ್ಯ ಕೈ ಚಾಚಿದರು. ಆಕೆ ಎಲ್ಲರೆದುರು ಆ ಕೈ ಹಿಡಿದು ಎದ್ದು, ಮತ್ತೆ ಸೈಕಲ್ ಹತ್ತಿದರು.

ಮರುದಿನ ನಾನು ನಕ್ಕು, "ಈ ವಯಸ್ಸಿನಲ್ಲಿ ಸೈಕಲ್ಲೇ ಸಿಸ್ಟರ್?" ಎಂದೆ.

"ಅವ್ರಿಗೆ ಮಂಗಳವಾರ, ಶುಕ್ರವಾರ ಎದ್ದು ಶೇವ್ ಮಾಡ್ಕೊಳಾಕೆ ಒಂದು ಕಾರಣ ಬೇಕಿತ್ತು. ನಂಗೂ ಕಲಿಯೋ ಆಸೆ ಇತ್ತು, ಸುಳ್ಳು ಯಾಕೆ ಹೇಳ್ಲಿ," ಎಂದರು.

ಆಕೆಯ ಜೊತೆ ಆಮೇಲೆ ನಾನೂ ಹೋಗತೊಡಗಿದೆ, ಕೂರುವುದನ್ನು ಕಲಿತೆ. ಪಿಂಚಣಿದಾರ ಸೈನಿಕರು ಆಸ್ಪತ್ರೆಗೆ ಬಂದರೆ 'ಹೇಗಿದ್ದೀರಿ' ಎಂದು ಕೇಳಿ ಬಿಡುವುದನ್ನು ನಿಲ್ಲಿಸಿದೆ. ನಿದ್ದೆ ಕೇಳಿದೆ, ಊಟ ಕೇಳಿದೆ, ಬದುಕು ಸಾಕೆನಿಸಿದೆಯೇ ಎಂದೂ ಕೇಳಿದೆ. ಮೊದಲ ಸಲ ಕೇಳುವಾಗ ನಾಲಿಗೆ ತೊದಲಿತು. ಗಟ್ಟಿಮುಟ್ಟಾಗಿ ಕಂಡವರಲ್ಲೂ ಕೆಲವರು ಹೌದೆಂದರು. ರೋಗ ಹೇಗೆ ಬಂತೆಂದು ನಾನೊಮ್ಮೆ ಬಸವರಾಜಪ್ಪನನ್ನು ಕೇಳಿದ್ದುಂಟು. ಹಾಲಮ್ಮ ಒಮ್ಮೆಯೂ ಕೇಳಲಿಲ್ಲ.

ಬಸವರಾಜಪ್ಪ ಇನ್ನೂ ಒಂದು ವರ್ಷದ ಮೇಲೆ ಬದುಕಿದ್ದರು. ಕೊನೆಗೆ ಕ್ಷಯ ಸೇರಿಕೊಂಡು ಹಾಸಿಗೆ ಹಿಡಿದರು. ಹೆಂಡತಿ ತಲೆ ಸವರುತ್ತಿರುವಾಗ, ತಮ್ಮ ಮನೆಯಲ್ಲೇ ಜೀವ ಬಿಟ್ಟರು. ಅದರ ಹಿಂದಿನ ವಾರ ನನಗೆ, "ಈ ವರ್ಷ ನಂಗೆ ಸಿಕ್ತಲ್ಲ ಸಾಹೇಬ್ರೆ, ಇದು ಬ್ಯಾರೆ ಲೆಕ್ಕದ್ದು, ಆ ಬಾಟ್ಲಿ ಕೊಟ್ಟ ಮ್ಯಾಲೆ ಬಂದಿದ್ದು," ಎಂದಿದ್ದರು.

ಹಾಲಮ್ಮನಿಗೆ ಜಗಳೂರಿಗೆ ವರ್ಗವಾಯಿತು. ಕೆಲವು ತಿಂಗಳ ನಂತರ ಆ ಕಡೆ ಹೋದಾಗ ಕಂಡು ಬಂದೆ. ರೊಟ್ಟಿ, ಕಾಳುಪಲ್ಯ ಬಡಿಸಿದರು. ಅಲ್ಲಿಯ ಬಾಣಂತಿಯರ ಬಗ್ಗೆಯೇ ಮಾತು. ಹೆರಿಗೆಯಾದ ಮೇಲೆ ಸುಮ್ಮನೆ ಗೋಡೆ ನೋಡುತ್ತ ಕೂರುವ ಇಬ್ಬರನ್ನು ಆಕೆ ಆಗಲೇ ಗುರುತಿಸಿದ್ದರು. ಬಸ್ ಸ್ಟ್ಯಾಂಡಿನ ತನಕ ಬಂದು, ದಾವಣಗೆರೆ ಬಸ್ಸಿನ ಕಿಟಕಿ ಹತ್ತಿರ ನಿಂತು ಹೇಳಿದರು:

"ಸರ್, ನೀವು ಒಳ್ಳೆ ಡಾಕ್ಟರ್ ಆದ್ರಿ. ಮೊದ್ಲು ಇರ್ಲಿಲ್ಲ."

ಆಕೆಯನ್ನು ಕಂಡದ್ದು ಅದೇ ಕೊನೆ. ಮರುವರ್ಷ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಅವತ್ತು ಬಸ್ಸು ಹೊರಡುವಾಗ, ಅದನ್ನು ಕಲಿಸಿದ್ದು ನೀವೇ ಎಂದು ನಾನು ಉತ್ತರ ಕೊಡಬೇಕಿತ್ತು. ಮುಂದಿನ ಸಲ ಹೇಳೋಣ ಎಂದುಕೊಂಡು ಸುಮ್ಮನೆ ಕೈ ಮುಗಿದಿದ್ದೆ.